ಬೆರಳೆಣಿಕೆ ವಿಮಾನಗಳ ಏರ್‌ಲೈನ್ಸ್ ಹತ್ತಬಹುದಾ?

ಪ್ರಶ್ನೆ: ಸರ್, ನಾನು ಮೈಸೂರಿನವನು. ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಘಟಕಗಳಲ್ಲಿ ಎಂಜಿನಿಯರ್. ಅಕ್ಟೋಬರ್‌ನಿಂದ ಐದು ತಿಂಗಳು ಕಂಪನಿಯವರು ಪಶ್ಚಿಮ ಆಫ್ರಿಕಾದ ಕೇಪ್ ವರ್ಡೆ ದೇಶಕ್ಕೆ, ರಾಜಧಾನಿ ಪ್ರಾಯಾಕ್ಕೆ ಕಳಿಸುತ್ತಿದ್ದಾರೆ. ಬೆಂಗಳೂರಿನಿಂದ ಲಿಸ್ಬನ್‌ಗೆ ಒಂದು ಟಿಕೆಟ್. ಅಲ್ಲಿಂದ ಪ್ರಾಯಾಕ್ಕೆ ಆ ದೇಶದ ಸರ್ಕಾರಿ ಕಂಪನಿ ಕಾಬೊ ವರ್ಡೆ ಏರ್‌ಲೈನ್ಸ್‌ನಲ್ಲಿ ಬೇರೆ ಟಿಕೆಟ್. ಇಂಟರ್ನೆಟ್‌ನಲ್ಲಿ ನೋಡಿದರೆ ಆ ಕಂಪನಿ ಮುಳುಗಿತ್ತು, ಮಾರಿದ್ದರು, ಮುಚ್ಚಿತ್ತು, ಮತ್ತೆ ತೆರೆಯಿತು, ವಿಮಾನಗಳೇ ಇಲ್ಲ ಎಂದೆಲ್ಲ ಇದೆ. ಅಪ್ಪ ಅದನ್ನು ಓದಿ, "ಸಾಲದಲ್ಲಿರೋ ಕಂಪನಿ ವಿಮಾನ ಹತ್ತಬೇಡ ಮಗಾ" ಎಂದು ಪಟ್ಟು ಹಿಡಿದಿದ್ದಾರೆ. ಡಿಸೆಂಬರ್ ರಜೆಗೆ ಹೆಂಡತಿ ಮತ್ತು ಆರು ವರ್ಷದ ಮಗಳೂ ಬರುತ್ತಾರೆ. ಸಾಲ್ ಎಂಬ ಊರಿಗೆ ಅಗ್ಗದ ಟಿಕೆಟ್ ಸಿಗುತ್ತಿದೆ, ಅಲ್ಲಿಳಿದು ಟ್ಯಾಕ್ಸಿಯಲ್ಲಿ ಪ್ರಾಯಾಕ್ಕೆ ಹೋಗಬಹುದಾ? ನನ್ನ ಕೈಯಿಂದ ದುಡ್ಡು ಹಾಕಿ ಟಿಕೆಟ್ ಬದಲಿಸಬೇಕಾ?

ಉತ್ತರ: ಮೊದಲು ಟ್ಯಾಕ್ಸಿ ವಿಷಯ ಮುಗಿಸಿಬಿಡೋಣ. ಸಾಲ್ ಊರಲ್ಲ, ಬೇರೆಯದೇ ದ್ವೀಪ. ಅಲ್ಲಿಗೂ ಪ್ರಾಯಾಕ್ಕೂ ನಡುವೆ ಸುಮಾರು 210 ಕಿ.ಮೀ. ಸಮುದ್ರ ಇದೆ. ಅಗ್ಗದ ಟಿಕೆಟ್‌ನಲ್ಲಿ ಅಲ್ಲಿಳಿದರೆ ಮತ್ತೊಂದು ವಿಮಾನ ಹಿಡಿಯಬೇಕು, ಇಲ್ಲವೇ ಹಡಗಿಗೆ ಕಾಯಬೇಕು. ನಿಮ್ಮಂತೆ ಅಂದುಕೊಂಡವರು ಬಹಳ ಜನ, ಬೇಜಾರು ಮಾಡಿಕೊಳ್ಳಬೇಡಿ. ಸಾಲ್ ಅಂದರೆ ಪೋರ್ಚುಗೀಸ್ ಭಾಷೆಯಲ್ಲಿ ಉಪ್ಪು. ನಿಮ್ಮ ತಂದೆಯವರು ಹೇಳುವ ಸಾಲಕ್ಕೂ ಅದಕ್ಕೂ ನಂಟಿಲ್ಲ, ಆದರೆ ಈ ಕಥೆಯಲ್ಲಿ ಎರಡೂ ಬರುತ್ತವೆ.

ಈಗ ಅಸಲು ವಿಷಯ. ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದೇ ಗಂಟಿನಲ್ಲಿವೆ. ವಿಮಾನ ಬೀಳುತ್ತದಾ ಎನ್ನುವುದು ಒಂದು. ವಿಮಾನ ಸಮಯಕ್ಕೆ ಹೊರಡುತ್ತದಾ ಎನ್ನುವುದು ಇನ್ನೊಂದು. ಕಂಪನಿ ಉಳಿಯುತ್ತದಾ ಎನ್ನುವುದು ಮೂರನೆಯದು. ವಿಮಾನ ಕಂಪನಿಗಳ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ವರ್ಷ ಕೂತವನು ನಾನು. ಯಾವ ವಿಮಾನ ಎಲ್ಲಿಗೆ, ಯಾವ ಪೈಲಟ್ ಯಾವಾಗ, ಕೆಟ್ಟರೆ ಮುಂದೇನು ಎಂದು ನೋಡುವ ಕೆಲಸ. ಅದರಲ್ಲಿ ಕೆಲವು ವರ್ಷ ಪಶ್ಚಿಮ ಆಫ್ರಿಕಾದಲ್ಲೇ ಕಳೆದೆ. ಅಲ್ಲಿ ಕಲಿತದ್ದು ಇಷ್ಟು: ಸಣ್ಣ ಕಂಪನಿಯ ತೊಂದರೆ ಮುಕ್ಕಾಲು ಪಾಲು ಎರಡನೆಯ ಪ್ರಶ್ನೆಯಲ್ಲಿರುತ್ತದೆ. ಜನ ಮಾತ್ರ ಅದನ್ನು ಮೊದಲನೆಯದೆಂದು ತಿಳಿದು ಹೆದರುತ್ತಾರೆ.

ಸುರಕ್ಷತೆಯನ್ನೇ ಮೊದಲು ನೋಡೋಣ. ಈ ಕಂಪನಿಯ ಹಳೆಯ ಹೆಸರು ಟಿಎಸಿವಿ. ಅದರ ಚರಿತ್ರೆಯಲ್ಲಿ ಒಂದು ದೊಡ್ಡ ಗಾಯ ಇದೆ. 1999ರ ಆಗಸ್ಟ್ 7ರಂದು ಒಂದು ಸಣ್ಣ ಡಾರ್ನಿಯರ್ 228 ವಿಮಾನ ಸಾವೊ ವಿಸೆಂಟೆ ದ್ವೀಪದಿಂದ ಪಕ್ಕದ ಸಾಂಟೊ ಅಂಟಾವೊಗೆ ಹೊರಟಿತ್ತು. ಹವೆ ಕೆಟ್ಟು, ಇಳಿಯಲಾಗದೆ ಹಿಂದಿರುಗುವಾಗ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 18 ಜನರೂ ಸತ್ತರು. ಆಮೇಲೆ ಸಾಂಟೊ ಅಂಟಾವೊದ ಆ ವಿಮಾನ ನಿಲ್ದಾಣವೇ ಮುಚ್ಚಿತು. ಇವತ್ತಿಗೂ ಅಲ್ಲಿಗೆ ಹೋಗುವವರು ಸಾವೊ ವಿಸೆಂಟೆಯ ಮಿಂಡೆಲೊ ಬಂದರಿನಿಂದ ಒಂದು ಗಂಟೆ ಹಡಗಿನಲ್ಲೇ ಹೋಗುತ್ತಾರೆ. ಅದು ಬೆಟ್ಟದ ನಡುವಿನ ಗಿಡ್ಡ ರನ್‌ವೇಗೆ ಹೋಗುವ ಪುಟ್ಟ ವಿಮಾನದ ಕಥೆ. ನೀವು ಹತ್ತುವುದು ಲಿಸ್ಬನ್‌ನಿಂದ ಪ್ರಾಯಾಕ್ಕೆ ಹಾರುವ ಬೋಯಿಂಗ್ 737 ಥರದ ಜೆಟ್. 1996ರಲ್ಲಿ ಬೋಯಿಂಗ್ 757 ತಂದ ಮೇಲೆ ಈ ಕಂಪನಿಯ ಜೆಟ್‌ಗಳಲ್ಲಿ ಪ್ರಾಣಹಾನಿಯ ಅಪಘಾತ ಆಗಿಲ್ಲ.

ಇನ್ನೊಂದು ಲೆಕ್ಕ. ಯುರೋಪಿಯನ್ ಒಕ್ಕೂಟ ತನ್ನ ಆಕಾಶದಲ್ಲಿ ಹಾರಲು ಬಿಡದ ಕಂಪನಿಗಳ ಪಟ್ಟಿ ಇಟ್ಟಿದೆ. ಪಶ್ಚಿಮ ಆಫ್ರಿಕಾದ ಕೆಲವು ದೇಶಗಳು ಇಡಿಯಾಗಿ ಅದರಲ್ಲಿವೆ. ಕೇಪ್ ವರ್ಡೆ ಇಲ್ಲ. ಅಮೆರಿಕದ ವಿಮಾನಯಾನ ಇಲಾಖೆಯೂ 2003ರಲ್ಲೇ ಈ ದೇಶದ ಮೇಲ್ವಿಚಾರಣೆಗೆ ಮೊದಲ ದರ್ಜೆ ಕೊಟ್ಟಿತು. ಆಫ್ರಿಕಾದಲ್ಲಿ ಆ ದರ್ಜೆ ಇರುವ ದೇಶಗಳನ್ನು ಬೆರಳ ಮೇಲೆ ಎಣಿಸಬಹುದು. ಒಟ್ಟು ಜನಸಂಖ್ಯೆ ಐದು ಲಕ್ಷದ ಸುಮಾರು ಇರುವ ದೇಶಕ್ಕೆ ಇದು ಸಣ್ಣ ಮಾತಲ್ಲ. ಯುರೋಪಿನ ಪಟ್ಟಿ ವರ್ಷಕ್ಕೆ ಒಂದೆರಡು ಸಲ ಬದಲಾಗುತ್ತದೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ಅಪ್ಪನಿಗೂ ತೋರಿಸಿ. ನನ್ನ ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಸರಿ, ಬೀಳುವುದಿಲ್ಲ. ಹೊರಡುತ್ತದಾ? ಕಷ್ಟ ಇರುವುದೇ ಇಲ್ಲಿ.

ನಮ್ಮ ಕಡೆ ಎಷ್ಟೋ ಹಳ್ಳಿಗಳಿಗೆ ದಿನಕ್ಕೆ ಒಂದೇ ಬಸ್ಸು. ರಾತ್ರಿ ಊರಲ್ಲೇ ಹಾಲ್ಟ್, ಬೆಳಿಗ್ಗೆ ಆರಕ್ಕೆ ಪೇಟೆಗೆ. ಒಂದು ದಿನ ಬಸ್ಸು ಕೆಟ್ಟರೆ ಶಾಲೆ ಮಕ್ಕಳು, ಹಾಲಿನ ಕ್ಯಾನು, ಆಸ್ಪತ್ರೆಗೆ ಹೋಗುವ ಅಜ್ಜಿ ಎಲ್ಲರೂ ಕಟ್ಟೆ ಮೇಲೆ. ಮೈಸೂರು ಡಿಪೋದಲ್ಲಿ ಅದೇ ಬಸ್ಸು ಕೆಟ್ಟರೆ ಪಕ್ಕದ್ದನ್ನು ತೆಗೆಯುತ್ತಾರೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಬಸ್ಸು ಎರಡೂ ಕಡೆ ಒಂದೇ ಥರದ್ದು, ಡ್ರೈವರೂ ಅಷ್ಟೇ ಒಳ್ಳೆಯವನು. ಡಿಪೋದಲ್ಲಿ ಇನ್ನೊಂದು ಬಸ್ಸಿದೆ, ಹಳ್ಳಿಯಲ್ಲಿಲ್ಲ. ಕಾಬೊ ವರ್ಡೆ ಏರ್‌ಲೈನ್ಸ್ ಹಾಲ್ಟ್ ಬಸ್ಸಿನ ಊರು. ದೂರದ ಮಾರ್ಗಕ್ಕೆ ಅವರ ಕೈಯಲ್ಲಿರುವ ಜೆಟ್‌ಗಳನ್ನು ಎಣಿಸಲು ಒಂದು ಕೈಯ ಬೆರಳೂ ಪೂರ್ತಿ ಬೇಡ.

ನಮ್ಮ ಕಂಟ್ರೋಲ್ ರೂಮಿನ ಲೆಕ್ಕದಲ್ಲಿ ತೋರಿಸುತ್ತೇನೆ. ಪ್ರಾಯಾದಿಂದ ಲಿಸ್ಬನ್‌ಗೆ ಹೆಚ್ಚುಕಡಿಮೆ 4 ಗಂಟೆ. ಪೈಲಟ್ ಹೊರಡುವ ಒಂದು ಗಂಟೆ ಮೊದಲೇ ಡ್ಯೂಟಿಗೆ ಬಂದಿರಬೇಕು. ಲಿಸ್ಬನ್‌ನಲ್ಲಿ ಜನ ಇಳಿದು, ಕ್ಲೀನ್ ಆಗಿ, ಇಂಧನ ತುಂಬಿ, ಜನ ಹತ್ತಲು ಒಂದೂಕಾಲು ಗಂಟೆ. ವಾಪಸ್ 4 ಗಂಟೆ. ಒಟ್ಟು ಹತ್ತೂಕಾಲು. ಇಬ್ಬರು ಪೈಲಟ್‌ಗಳಿಗೆ ಒಂದು ದಿನದ ಡ್ಯೂಟಿ ಮಿತಿ ಸಾಮಾನ್ಯವಾಗಿ 13 ಗಂಟೆಯ ಆಸುಪಾಸು. ಅಂದರೆ ಕೈಯಲ್ಲಿ ಉಳಿದದ್ದು ಮೂರು ಗಂಟೆಗಿಂತ ಕಡಿಮೆ. ಲಿಸ್ಬನ್‌ನಲ್ಲಿ ಮೂರು ಗಂಟೆ ತಡವಾಯಿತು ಅನ್ನಿ. ಪೈಲಟ್‌ಗಳ ಡ್ಯೂಟಿ ಮುಗಿಯಿತು, ಅವರು ಹೋಟೆಲ್‌ಗೆ ಹೋಗಲೇಬೇಕು, ಅದು ಕಾನೂನು. ದೊಡ್ಡ ಕಂಪನಿ ಆಗಿದ್ದರೆ ಅಲ್ಲೇ ಇರುವ ಬೇರೆ ಜೋಡಿಯನ್ನು ಕರೆಸುತ್ತದೆ. ಇವರಿಗೆ ಅಲ್ಲಿ ಬೇರೆ ಜೋಡಿ ಇಲ್ಲ. ವಿಮಾನ ರಾತ್ರಿ ಲಿಸ್ಬನ್‌ನಲ್ಲೇ ಉಳಿಯಿತು. ನಾಳೆ ಬೆಳಿಗ್ಗೆ ಪ್ರಾಯಾದಿಂದ ಹೊರಡಬೇಕಿದ್ದ ಫ್ಲೈಟ್‌ಗೆ ವಿಮಾನವೂ ಇಲ್ಲ, ಪೈಲಟ್‌ಗಳೂ ಇಲ್ಲ. ಇವತ್ತಿನ ಮೂರು ಗಂಟೆ ನಾಳೆ ಇಡೀ ದಿನವಾಗುತ್ತದೆ. ಹೊರಗಿನವರಿಗೆ ಇದು 'ಹೇಳದೆ ಕೇಳದೆ ಕ್ಯಾನ್ಸಲ್'. ಒಳಗಿನವರಿಗೆ ಗಣಿತ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕಂಪನಿ ಬೇರೆ, ಹೆಸರು ಬೇಡ. ಎರಡೇ ಜೆಟ್ ಇದ್ದವು. ಅದರಲ್ಲೊಂದು ಯಾವಾಗಲೂ ರಿಪೇರಿಯಲ್ಲಿ. ಒಂದು ಬೆಳಿಗ್ಗೆ ಉಳಿದ ವಿಮಾನದ ಕಾಕ್‌ಪಿಟ್ ಗಾಜಿನಲ್ಲಿ ಬಿರುಕು ಕಂಡಿತು. ಅಂಥ ಗಾಜಿಟ್ಟುಕೊಂಡು ಹಾರುವ ಹಾಗಿಲ್ಲ. ಹೊಸ ಗಾಜು ಯುರೋಪಿನ ಒಂದು ಗೋದಾಮಿನಲ್ಲಿತ್ತು. ಅದನ್ನು ತರಬೇಕಾದ ವಿಮಾನ ಯಾವುದು? ಗಾಜು ಒಡೆದು ನಿಂತಿರುವ ನಮ್ಮದೇ ವಿಮಾನ! ಕೊನೆಗೆ ಮರುದಿನ ಸಂಜೆ ನಮ್ಮ ಪ್ರತಿಸ್ಪರ್ಧಿ ಕಂಪನಿಯ ವಿಮಾನದ ಹೊಟ್ಟೆಯಲ್ಲಿ, ಮರದ ಪೆಟ್ಟಿಗೆಯಲ್ಲಿ ಗಾಜು ಬಂತು. ಕೂರಿಸಿದ ಮೇಲೆ ಸುತ್ತ ಹಚ್ಚಿದ ಅಂಟು ಒಣಗಲು ಮತ್ತೆ ಗಂಟೆಗಟ್ಟಲೆ. ಅಷ್ಟರಲ್ಲಿ ಕೌಂಟರ್ ಮುಂದೆ ನೂರಕ್ಕೂ ಜಾಸ್ತಿ ಜನ. ಒಬ್ಬ ಹಿರಿಯರು ನನ್ನ ಕೈ ಹಿಡಿದು, "ಟೇಪ್ ಹಾಕಿ ಹೊರಡಿ ಸ್ವಾಮಿ, ಮಗಳ ಮದುವೆ ಇದೆ" ಎಂದು ಬೇಡಿಕೊಂಡರು. ಮದುವೆ ತಪ್ಪಿತು. ಆ ಮುಖ ಇನ್ನೂ ನೆನಪಿದೆ. ಆದರೆ ಆ ದಿನ ನಾವು ಮಾಡಿದ್ದು ಸರಿಯೇ. ತಡ ಮಾಡುವ ಸಣ್ಣ ಕಂಪನಿಗೆ ನಾನು ಹೆದರುವುದಿಲ್ಲ. ಒಂದೇ ವಿಮಾನ ಇಟ್ಟುಕೊಂಡು ಯಾವತ್ತೂ ತಡವಾಗದ ಕಂಪನಿ ಸಿಕ್ಕರೆ ಮಾತ್ರ ಇಳಿದುಬಿಡುತ್ತೇನೆ.

ಇಷ್ಟು ಕಷ್ಟ ಇರುವಾಗ ಆ ದೇಶಕ್ಕೆ ಸ್ವಂತ ಕಂಪನಿ ಯಾಕೆ ಬೇಕು ಎಂದು ನಿಮಗೆ ಅನ್ನಿಸಿರಬೇಕು. ಅಲ್ಲಿನ ತೆರಿಗೆದಾರರೂ ಅದನ್ನೇ ಕೇಳುತ್ತಾರೆ. ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೇಪ್ ವರ್ಡೆ ಅಂದರೆ ಅಟ್ಲಾಂಟಿಕ್‌ನಲ್ಲಿ ಚದುರಿದ 10 ದ್ವೀಪಗಳು. 9ರಲ್ಲಿ ಜನ ಇದ್ದಾರೆ. ಕಂಪನಿ ಹುಟ್ಟಿದ್ದು 1958ರ ಡಿಸೆಂಬರ್‌ನಲ್ಲಿ, ಇನ್ನೂ ಪೋರ್ಚುಗಲ್ ಆಳುತ್ತಿದ್ದಾಗ. ಪುಟ್ಟ ವಿಮಾನಗಳು, ದ್ವೀಪದಿಂದ ದ್ವೀಪಕ್ಕೆ ಟಪಾಲು ಮತ್ತು ನಾಲ್ಕಾರು ಜನ, ಅಷ್ಟೇ. ಅದೇ ವರ್ಷ ಘಾನಾ ಏರ್‌ವೇಸ್ ಹುಟ್ಟಿತು. ಮುಂದೆ ನೈಜೀರಿಯಾ ಏರ್‌ವೇಸ್ ಆದ ಕಂಪನಿಯೂ ಅದೇ ವರ್ಷದ್ದು. ಅವೆರಡೂ ದೊಡ್ಡ ದೇಶಗಳ, ದೊಡ್ಡ ಕನಸಿನ ಕಂಪನಿಗಳು. ನೈಜೀರಿಯಾದ್ದು 2003ರಲ್ಲಿ ಬಾಗಿಲು ಹಾಕಿತು, ಘಾನಾದ್ದು 2004ರಲ್ಲಿ ನಿಂತುಹೋಯಿತು. ಫ್ರೆಂಚ್ ಮಾತಾಡುವ ಹನ್ನೊಂದು ದೇಶಗಳು ಸೇರಿ 1961ರಲ್ಲಿ ಕಟ್ಟಿದ ಏರ್ ಆಫ್ರಿಕ್ 2002ರಲ್ಲಿ ಮುಳುಗಿತು. ಆ ಪೈಕಿ ಎಲ್ಲಕ್ಕಿಂತ ಚಿಕ್ಕದು ಮಾತ್ರ ಕುಂಟುತ್ತಾ ಆದರೂ ಇನ್ನೂ ಹಾರುತ್ತಿದೆ. ನನಗೆ ಇದು ಯಾವಾಗಲೂ ಸೋಜಿಗ.

ಹಾಗೆ ನೋಡಿದರೆ ಕಂಪನಿಗಿಂತ ರನ್‌ವೇಯ ಕಥೆ ಹಳೆಯದು. ಸಾಲ್ ದ್ವೀಪದ ವಿಮಾನ ನಿಲ್ದಾಣ ಕಟ್ಟಿದ್ದು 1939ರಲ್ಲಿ ಇಟಲಿಯವರು. ರೋಮ್‌ನಿಂದ ದಕ್ಷಿಣ ಅಮೆರಿಕಕ್ಕೆ ಹೋಗುವಾಗ ನಡುವೆ ಇಂಧನಕ್ಕೆ ನಿಲ್ಲಲು. ಉಪ್ಪು ಬಿಟ್ಟರೆ ಬೇರೇನೂ ಇಲ್ಲದ ಚಪ್ಪಟೆ ನೆಲ, ರನ್‌ವೇಗೆ ಹೇಳಿ ಮಾಡಿಸಿದಂತಿತ್ತು. ಆಮೇಲೆ 1960ರ ದಶಕದಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಬೇರೆ ಆಫ್ರಿಕನ್ ದೇಶಗಳು ತಮ್ಮ ಆಕಾಶ ಮುಚ್ಚಿದವು. ಅವರ ವಿಮಾನಗಳು ಖಂಡವನ್ನು ಸಮುದ್ರದ ಮೇಲೆ ಸುತ್ತುಹಾಕಿ, ಸಾಲ್‌ನಲ್ಲಿ ಇಂಧನ ತುಂಬಿಸಿಕೊಂಡು ಯುರೋಪಿಗೆ ಹೋಗುತ್ತಿದ್ದವು. 1975ರ ಜುಲೈ 5ಕ್ಕೆ ಕೇಪ್ ವರ್ಡೆ ಸ್ವತಂತ್ರವಾಯಿತು. ಹೊಸ ಸರ್ಕಾರ ವರ್ಣಭೇದದ ಕಡು ವಿರೋಧಿ. ಆದರೆ ಆ ಇಂಧನದ ದುಡ್ಡು ಬಿಟ್ಟುಕೊಡುವ ಶಕ್ತಿ ಅದಕ್ಕಿರಲಿಲ್ಲ. ಬರಗಾಲದ ದೇಶ, ಖಜಾನೆ ಖಾಲಿ, ಇನ್ನೇನು ಮಾಡಬೇಕಿತ್ತು? ರಾಜಧಾನಿ ಪ್ರಾಯಾಕ್ಕೆ ದೊಡ್ಡ ಜೆಟ್ ಇಳಿಯುವ ನಿಲ್ದಾಣ ಬಂದದ್ದು 2005ರಲ್ಲಿ. ಅಲ್ಲಿಯವರೆಗೆ ದೂರದ ದೇಶಗಳಿಂದ ಬಂದವರು ಸಾಮಾನ್ಯವಾಗಿ ಸಾಲ್‌ನಲ್ಲಿಳಿದು ಮತ್ತೊಂದು ವಿಮಾನ ಹತ್ತಬೇಕಿತ್ತು. ಇವತ್ತು ಸಾಲ್‌ಗೇ ಅಗ್ಗದ ಟಿಕೆಟ್ ಯಾಕೆ ಅಂದರೆ, ಈಗ ಅಲ್ಲಿ ಬೀಚು, ರೆಸಾರ್ಟು, ಯುರೋಪಿನ ಪ್ರವಾಸಿಗರು.

ಕಂಪನಿ ಬೇಕಾಗುವುದು ಬೇರೆಯವರಿಗೆ. ಕೇಪ್ ವರ್ಡೆಯ ಜನ ತಲೆಮಾರುಗಳಿಂದ ವಲಸೆ ಹೋದವರು. ತಿಮಿಂಗಿಲ ಬೇಟೆಯ ಹಡಗು ಹತ್ತಿ ಅಮೆರಿಕದ ನ್ಯೂ ಬೆಡ್‌ಫರ್ಡ್‌ಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಈಗ ಬಾಸ್ಟನ್ ಸುತ್ತಮುತ್ತ ಇದ್ದಾರೆ. ಲಿಸ್ಬನ್, ಪ್ಯಾರಿಸ್, ರಾಟರ್‌ಡ್ಯಾಮ್‌ನಲ್ಲೂ ಇದ್ದಾರೆ. ಊರಲ್ಲಿ ಇರುವವರಿಗಿಂತ ಹೊರಗಿರುವವರೇ ಜಾಸ್ತಿ ಅನ್ನುವ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಕಂಪನಿಯ ಒಂದು 757ಕ್ಕೆ 'ಎಮಿಗ್ರಾಂಟಿ', ಅಂದರೆ ವಲಸಿಗ, ಎಂದೇ ಹೆಸರಿಟ್ಟಿದ್ದರು. ಆ ವಿಮಾನ ಕಂಡರೆ ಜನ ಕಣ್ಣೀರು ಹಾಕುತ್ತಿದ್ದರು ಅನ್ನುವುದನ್ನು ಬ್ಯಾಲೆನ್ಸ್ ಶೀಟ್‌ನಲ್ಲಿ ಬರೆಯಲಾಗದು, ಅಲ್ವಾ.

ಆದರೆ ಈ ವಲಸಿಗ ಪ್ರಯಾಣಿಕನೇ ಕಂಪನಿಯ ಶತ್ರುವೂ ಹೌದು. ಅವನು ಜುಲೈ, ಆಗಸ್ಟ್ ಮತ್ತು ಡಿಸೆಂಬರ್‌ನಲ್ಲಿ ಮಾತ್ರ ಬರುತ್ತಾನೆ. ಆಗ ವಿಮಾನ ಹೋಗುವಾಗ ತುಂಬಿ, ಬರುವಾಗ ಖಾಲಿ. ಮಳೆಗಾಲದ ಜೋಗಕ್ಕೆ ಬರುವ ಜನರನ್ನು ನಂಬಿ ವರ್ಷಪೂರ್ತಿ ಹೋಟೆಲ್ ನಡೆಸಿದ ಹಾಗೆ. ಅತ್ತ ವಿಮಾನದ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು, ಅದೂ ಡಾಲರ್‌ನಲ್ಲಿ. ರೆಸಾರ್ಟ್ ಪ್ರವಾಸಿಗರು ಇವರ ವಿಮಾನ ಹತ್ತುವುದಿಲ್ಲ. ಅವರಿಗೆ ಯುರೋಪಿನ ಟೂರ್ ಕಂಪನಿಗಳ ಸ್ವಂತ ವಿಮಾನಗಳಿವೆ. 2023ರಲ್ಲಿ ದೇಶಕ್ಕೆ ಬಂದ ಪ್ರವಾಸಿಗರ ಸಂಖ್ಯೆ 10 ಲಕ್ಷ ದಾಟಿತು. ರಾಷ್ಟ್ರೀಯ ಕಂಪನಿಗೆ ಅದರಲ್ಲಿ ಸಿಕ್ಕ ಪಾಲು ಊಟದ ಎಲೆಯ ಉಪ್ಪಿನಷ್ಟು.

ಇನ್ನು ನೀವು ಓದಿದ ಮಾರಾಟ, ಮುಚ್ಚುವಿಕೆಯ ಕಥೆ. 2017ರಲ್ಲಿ ಸಾಲ ಹೊರಲಾರದೆ ಸರ್ಕಾರ ಎರಡು ನಿರ್ಧಾರ ಮಾಡಿತು. ದ್ವೀಪಗಳ ನಡುವಿನ ಹಾರಾಟವನ್ನು ಖಾಸಗಿ ಕಂಪನಿಗೆ ಬಿಟ್ಟಿತು. ದೂರದ ಹಾರಾಟದ ಆಡಳಿತವನ್ನು ಐಸ್‌ಲ್ಯಾಂಡ್‌ನ ಐಸ್‌ಲ್ಯಾಂಡೇರ್ ಗುಂಪಿನ ಲಾಫ್ಟ್‌ಲೀಡಿರ್ ಕಂಪನಿಗೆ ಕೊಟ್ಟಿತು. 2019ರ ಮಾರ್ಚ್‌ನಲ್ಲಿ ಶೇ. 51 ಪಾಲನ್ನೂ ಅವರಿಗೇ ಮಾರಿತು. ಬೆಲೆ 13 ಲಕ್ಷ ಯೂರೊ. ಬೆಂಗಳೂರಿನ ಒಳ್ಳೆ ಏರಿಯಾದಲ್ಲಿ ಆ ದುಡ್ಡಿಗೆ ಒಂದು ದೊಡ್ಡ ಮನೆ ಬರಬಹುದು. ಒಂದು ದೇಶದ ಏರ್‌ಲೈನ್ಸ್‌ನ ಅರ್ಧ ಅಷ್ಟಕ್ಕೆ ಹೋಯಿತು ಅಂದರೆ ಒಳಗೆ ಎಷ್ಟು ಸಾಲ ಇತ್ತು ಎಂದು ನೀವೇ ಊಹಿಸಿ.

ಐಸ್‌ಲ್ಯಾಂಡ್‌ನವರ ಲೆಕ್ಕಾಚಾರ ಕಾಗದದ ಮೇಲೆ ಚೆನ್ನಾಗಿತ್ತು. ಉತ್ತರ ಅಟ್ಲಾಂಟಿಕ್‌ನ ನಡುವೆ ಅವರ ದ್ವೀಪ ಇದೆ. ಯುರೋಪು ಮತ್ತು ಅಮೆರಿಕದ ಜನರನ್ನು ಅಲ್ಲಿ ವಿಮಾನ ಬದಲಿಸಿ ಕಳಿಸಿ ಬದುಕಿದವರು ಅವರು. ದಕ್ಷಿಣದಲ್ಲಿ ಸಾಲ್ ಅದೇ ಥರದ ಜಾಗ. ಆಫ್ರಿಕಾ, ಯುರೋಪು, ಬ್ರೆಜಿಲ್, ಬಾಸ್ಟನ್ ನಾಲ್ಕೂ ದಿಕ್ಕಿನವರನ್ನು ಅಲ್ಲಿ ಸೇರಿಸಿದರೆ ಆಯಿತು ಎಂದುಕೊಂಡರು. ತಮ್ಮ 757ಗಳನ್ನೇ ಬಾಡಿಗೆಗೆ ತಂದು ಲಾಗೋಸ್, ವಾಷಿಂಗ್ಟನ್, ಬ್ರೆಜಿಲ್‌ನ ಊರುಗಳಿಗೆ ಹಾರಿಸಿದರು. ನಾನು ಆಗಲೇ ಗೆಳೆಯರ ಹತ್ತಿರ ಹೇಳಿದ್ದೆ, ಸಂತೆ ಕಟ್ಟೆ ಕಟ್ಟಿದ ಕೂಡಲೇ ಸಂತೆ ಸೇರುವುದಿಲ್ಲ ಎಂದು. ಉತ್ತರದಲ್ಲಿ ಎರಡೂ ದಡದಲ್ಲಿ ದುಡ್ಡಿರುವ, ದಿನವೂ ಓಡಾಡುವ ಜನ ಇದ್ದಾರೆ. ಲಾಗೋಸ್‌ನಿಂದ ಬ್ರೆಜಿಲ್‌ಗೆ ದಿನಾ ಯಾರು ಹೋಗುತ್ತಾರೆ? ಮೇಲಾಗಿ 757 ಹಳೆಯ ಕಾಲದ ವಿಮಾನ, ಇಂಧನ ಕುಡಿಯುವುದರಲ್ಲಿ ಜೋರು. ಇನ್ನೂ ಕೆಲವು ವರ್ಷ ಸಿಕ್ಕಿದ್ದರೆ ನಿಲ್ಲುತ್ತಿತ್ತೋ ಏನೋ. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂತು, ಎಲ್ಲ ವಿಮಾನ ನಿಂತವು. 2021ರ ಜುಲೈನಲ್ಲಿ ಸರ್ಕಾರ ಕಂಪನಿಯನ್ನು ವಾಪಸ್ ತೆಗೆದುಕೊಂಡಿತು. ಅದೇ ಡಿಸೆಂಬರ್ ಕೊನೆಗೆ ಪ್ರಾಯಾದಿಂದ ಲಿಸ್ಬನ್‌ಗೆ ಮತ್ತೆ ಹಾರಾಟ ಶುರುವಾಯಿತು. 2022ರಲ್ಲಿ ಅಂಗೋಲಾದ ಸರ್ಕಾರಿ ಕಂಪನಿಯಿಂದ ಒಂದು 737 ಬಾಡಿಗೆಗೆ ಬಂತು.

ದ್ವೀಪಗಳ ನಡುವಿನ ಕಥೆಯೂ ಸುತ್ತಿ ಅಲ್ಲಿಗೇ ಬಂದಿತು. ಮೊದಲು ಬಂದ ಖಾಸಗಿಯವರು ಹೋದರು, ಅಂಗೋಲಾದ ಇನ್ನೊಬ್ಬರು ಬಂದರು, 2024ರಲ್ಲಿ ಅವರೂ ಹೋದರು. ಹೊರೆ ಮತ್ತೆ ಸರ್ಕಾರದ ಹೆಗಲಿಗೆ. ಸಣ್ಣ ದ್ವೀಪದ ಬಸುರಿಯನ್ನು, ಹೃದಯದ ರೋಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸಲು ವಿಮಾನ ಬೇಕೇ ಬೇಕು. ಲಾಭ ಇಲ್ಲ ಎಂದು ಖಾಸಗಿಯವರು ಹೋಗಬಹುದು, ಸರ್ಕಾರ ಎಲ್ಲಿಗೆ ಹೋಗುತ್ತದೆ?

ಹಾಗಾಗಿ ತಂದೆಯವರ ಪ್ರಶ್ನೆಗೆ ಉತ್ತರ: ಹೌದು, ಸಾಲ ಇದೆ. ಕಂಪನಿ ನಾಳೆ ಮಾಯವಾಗುವ ಸಂಭವ ಕಡಿಮೆ, ಯಾಕೆಂದರೆ ಹಿಂದೆ ಸರ್ಕಾರ ನಿಂತಿದೆ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಾಗ ಹಿಂದೆ ಯಾರೂ ಇರಲಿಲ್ಲ. ಸಾಲದ ಬಿಸಿ ಪ್ರಯಾಣಿಕನಿಗೆ ತಟ್ಟುವುದು ಬೇರೆ ದಾರಿಯಲ್ಲಿ: ಸ್ಪೇರ್ ವಿಮಾನ ಇಡಲಾಗದು, ವೇಳಾಪಟ್ಟಿ ಆಗಾಗ ಬದಲು, ಹಣ ವಾಪಸ್ ಬರುವುದು ನಿಧಾನ. ಮತ್ತೊಂದು ವಿಷಯ. ವಿಮಾನದ ಬಣ್ಣ, ಸಿಬ್ಬಂದಿ ಬೇರೆ ದೇಶದ್ದಿದ್ದರೆ ಗಾಬರಿಯಾಗಬೇಡಿ. ಅದಕ್ಕೆ ನಾವು ವೆಟ್ ಲೀಸ್ ಅನ್ನುತ್ತೇವೆ. ಮದುವೆಗೆ ಡ್ರೈವರ್ ಸಮೇತ ಬಸ್ಸು ಬಾಡಿಗೆ ತಂದ ಹಾಗೆ, ವಿಮಾನ, ಪೈಲಟ್, ರಿಪೇರಿ, ವಿಮೆ ಎಲ್ಲ ಬಾಡಿಗೆಗೆ ಕೊಟ್ಟವರದ್ದೇ. ನಿಜವಾಗಿ ಹಾರಿಸುವವರು ಯಾರು ಎಂದು ತಿಳಿಯುವುದು ಯುರೋಪಿನಿಂದ ಹೊರಡುವ ಪ್ರಯಾಣಿಕನ ಹಕ್ಕು. ಧೈರ್ಯವಾಗಿ ಕೇಳಿ.

ಈಗ ನಿಮ್ಮ ಟಿಕೆಟ್. ನನಗೆ ಚಿಂತೆ ಇರುವುದು ಏರ್‌ಲೈನ್ಸ್ ಬಗ್ಗೆ ಅಲ್ಲ, ನಿಮ್ಮ ಟ್ರಾವೆಲ್ ಡೆಸ್ಕ್ ಎರಡು ಬೇರೆ ಟಿಕೆಟ್ ಮಾಡಿರುವುದರ ಬಗ್ಗೆ. ಬೆಂಗಳೂರಿನ ವಿಮಾನ ತಡವಾಗಿ ನೀವು ಲಿಸ್ಬನ್‌ನಲ್ಲಿ ಪ್ರಾಯಾ ವಿಮಾನ ತಪ್ಪಿಸಿಕೊಂಡರೆ ಯಾವ ಕಂಪನಿಗೂ ಜವಾಬ್ದಾರಿ ಇಲ್ಲ. ವಾಪಸ್ ಬರುವಾಗಲೂ ಅಷ್ಟೇ. ಅಷ್ಟೇ ಅಲ್ಲ, ನಮ್ಮ ಪಾಸ್‌ಪೋರ್ಟ್‌ಗೆ ಷೆಂಗೆನ್ ವೀಸಾ ಇಲ್ಲದಿದ್ದರೆ ಲಿಸ್ಬನ್ ನಿಲ್ದಾಣದಿಂದ ಹೊರಗೆ ಕಾಲಿಡಲಾಗದು. ಬೇರೆ ಟಿಕೆಟ್‌ಗೆ ಲಗೇಜ್ ಮತ್ತೆ ಚೆಕ್-ಇನ್ ಮಾಡಲು ಹೊರಗೆ ಬರಲೇಬೇಕಾಗಬಹುದು. ವಿಮಾನ ಕ್ಯಾನ್ಸಲ್ ಆಗಿ ಕಂಪನಿ ಹೋಟೆಲ್ ಕೊಟ್ಟರೂ ನೀವು ಲೌಂಜಿನ ಕುರ್ಚಿಯಲ್ಲೇ. ವೀಸಾ ವಿಷಯ ಇವತ್ತೇ ಕೇಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದೇ ಟಿಕೆಟ್ ಕೇಳುತ್ತಿದ್ದೆ. ಬೆಂಗಳೂರಿನಿಂದ ಲುಫ್ತಾನ್ಸಾದಲ್ಲಿ ಜರ್ಮನಿಗೆ, ಅಲ್ಲಿಂದ ಲಿಸ್ಬನ್, ಮುಂದೆ ಪೋರ್ಚುಗಲ್‌ನ ಟ್ಯಾಪ್ ಕಂಪನಿಯಲ್ಲಿ ಪ್ರಾಯಾಕ್ಕೆ. ಎರಡೂ ಏರ್‌ಲೈನ್ಸ್‌ಗಳ ಒಂದೇ ಕೂಟದವು, ಹಾಗಾಗಿ ಒಂದೇ ಟಿಕೆಟ್‌ನಲ್ಲಿ ಸಿಗುತ್ತದೆ. ನಡುವೆ ತಪ್ಪಿದರೆ ಮುಂದಿನ ವಿಮಾನಕ್ಕೆ ಹಾಕುವುದು ಅವರ ತಲೆನೋವು. ಬೆಲೆ ಜಾಸ್ತಿ. ಅದನ್ನು ನಿಮ್ಮ ಕೈಯಿಂದ ಕೊಡಬೇಡಿ, ಕಂಪನಿಯನ್ನೇ ಕೇಳಿ. ಸೈಟಿನಲ್ಲಿ ನೀವು ಒಂದು ದಿನ ಇಲ್ಲದಿದ್ದರೆ ಆಗುವ ನಷ್ಟ ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಮೊರಾಕೊದ ಕಾಸಾಬ್ಲಾಂಕಾ ಮೂಲಕವೂ ದಾರಿ ಇದೆ. ದುಬೈ ಅಥವಾ ದೋಹಾದಿಂದ ಅಲ್ಲಿಗೆ, ಅಲ್ಲಿಂದ ರಾಯಲ್ ಏರ್ ಮರೋಕ್. ತೊಂದರೆ ಏನೆಂದರೆ ದಿನಾ ವಿಮಾನ ಇರುತ್ತದೆಂದು ನಂಬುವ ಹಾಗಿಲ್ಲ, ಇಳಿಯುವುದು ಅಪರಾತ್ರಿ ಆಗಬಹುದು. ಮಗಳಿದ್ದರೆ ಕಷ್ಟ. ಸೆನೆಗಲ್‌ನ ಡಾಕರ್ ಮೂಲಕ ಹತ್ತಿರ ಅನ್ನಿಸುತ್ತದೆ, ಆದರೆ ಅಲ್ಲಿ ಬೇರೆ ಗಂಟಿದೆ. ಸೆನೆಗಲ್ ಹಳದಿ ಜ್ವರದ ದೇಶ. ಆ ದಾರಿಯಲ್ಲಿ ಬಂದರೆ ಲಸಿಕೆ ಕಾರ್ಡ್ ಕೇಳುತ್ತಾರೆ. ವಾಪಸ್ ಬರುವಾಗ ಕಾರ್ಡ್ ಇಲ್ಲದಿದ್ದರೆ ಬೆಂಗಳೂರಿನಲ್ಲೇ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲಷ್ಟೇ ಕಾರ್ಡ್‌ಗೆ ಬೆಲೆ. ಡಾಕರ್ ದಾರಿ ಹಿಡಿಯದಿದ್ದರೂ ಕಾರ್ಡ್ ಇರಲಿ ಅನ್ನುವವನು ನಾನು.

ಟ್ರಾವೆಲ್ ಡೆಸ್ಕ್ ಒಪ್ಪದೆ ಇರುವ ಟಿಕೆಟ್‌ನಲ್ಲೇ ಹೋಗಬೇಕಾದರೆ, ಹೋಗಿ. ವೀಸಾ ಮಾಡಿಸಿಕೊಂಡು ಲಿಸ್ಬನ್‌ನಲ್ಲಿ ಒಂದು ರಾತ್ರಿ ಇರಿ. ಒಂದು ಹಕ್ಕು ನೆನಪಿಡಿ. ಯುರೋಪಿನ ನಿಲ್ದಾಣದಿಂದ ಹೊರಡುವ ಯಾವ ದೇಶದ ವಿಮಾನವಾದರೂ ಅಲ್ಲಿನ ಪರಿಹಾರದ ಕಾನೂನಿಗೆ ಒಳಪಟ್ಟಿದೆ. ಲಿಸ್ಬನ್‌ನಿಂದ ಪ್ರಾಯಾಕ್ಕೆ ಸುಮಾರು 3,000 ಕಿ.ಮೀ. ಕಂಪನಿಯ ತಪ್ಪಿನಿಂದ ಮೂರು ಗಂಟೆಗಿಂತ ತಡವಾಗಿ ತಲುಪಿದರೆ ಆ ದೂರಕ್ಕೆ 400 ಯೂರೊ. ವಿಮಾನ ಕೆಟ್ಟಿತ್ತು ಅನ್ನುವುದು ಸಾಮಾನ್ಯವಾಗಿ ನೆಪವಾಗುವುದಿಲ್ಲ. ಹವಾಮಾನಕ್ಕೆ ಪರಿಹಾರ ಇಲ್ಲ, ಆದರೆ ಊಟ, ಹೋಟೆಲ್ ಕೊಡಲೇಬೇಕು. ಮಜಾ ಏನೆಂದರೆ ವಾಪಸ್ ಬರುವಾಗ, ಪ್ರಾಯಾದಿಂದ ಲಿಸ್ಬನ್‌ಗೆ, ಇದೇ ಕಂಪನಿಯಾದರೆ ಆ ಕಾನೂನು ಇಲ್ಲ. ಟ್ಯಾಪ್ ಆದರೆ ಇದೆ, ಯಾಕೆಂದರೆ ಅದು ಯುರೋಪಿನದು. ಹಾಗಾಗಿ ಒಂದು ಕಡೆಗೆ ಮಾತ್ರ ದುಡ್ಡು ಹಾಕುವುದಾದರೆ ಬರುವ ಕಡೆಗೆ ಹಾಕಿ.

ನೀವು ಮರಳುವ ಮಾರ್ಚ್ ಬೇರೆ ಸ್ವಲ್ಪ ಎಡವಟ್ಟಿನ ಕಾಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಹಾರಾದ ದೂಳು ಗಾಳಿಯಲ್ಲಿ ಬಂದು ದ್ವೀಪಗಳನ್ನು ಮುಚ್ಚುತ್ತದೆ. ಅಲ್ಲಿನವರು ಅದನ್ನು 'ಬ್ರೂಮ ಸೆಕ', ಒಣ ಮಂಜು, ಅನ್ನುತ್ತಾರೆ. ನಮ್ಮ ಸುಗ್ಗಿಯ ಕಣದ ದೂಳನ್ನು ನೆನೆಸಿಕೊಳ್ಳಿ, ಆದರೆ ಆಕಾಶದ ತುಂಬ. ರನ್‌ವೇ ಕಾಣದಿದ್ದರೆ ದೊಡ್ಡ ಕಂಪನಿಯೂ ಇಳಿಯುವುದಿಲ್ಲ, ಚಿಕ್ಕದೂ ಇಳಿಯುವುದಿಲ್ಲ. ಪ್ರಾಯಾ ವಿಮಾನಕ್ಕೂ ಬೆಂಗಳೂರು ವಿಮಾನಕ್ಕೂ ನಡುವೆ ಎರಡು ದಿನ ಬಿಡಿ.

ಹೆಂಡತಿ, ಮಗಳ ಡಿಸೆಂಬರ್ ಟಿಕೆಟ್ ಈಗಲೇ ಮಾಡಿಸಿ, ಒಂದೇ ಟಿಕೆಟ್, ಪ್ರಾಯಾಕ್ಕೇ. ಕ್ರಿಸ್‌ಮಸ್‌ಗೆ ವಲಸಿಗರೆಲ್ಲ ಊರಿಗೆ ಬರುವ ಹೊತ್ತು ಅದು. ಒಂದು ವಿಮಾನ ತಪ್ಪಿದರೆ ಮುಂದಿನದರಲ್ಲಿ ಸೀಟೇ ಇರುವುದಿಲ್ಲ. ಸಾಲ್‌ನ ಬೀಚ್ ನೋಡುವ ಆಸೆ ಇದ್ದರೆ ಎಲ್ಲರೂ ಸೇರಿ ಪ್ರಾಯಾದಿಂದ ಹೋಗಿಬನ್ನಿ. ಆದರೆ ಊರಿಗೆ ಹೊರಡುವ ಹಿಂದಿನ ದಿನ ಮಾತ್ರ ಬೇಡ.

ಹ್ಯಾಂಡ್ ಬ್ಯಾಗ್‌ನಲ್ಲಿ ಎರಡು ದಿನದ ಬಟ್ಟೆ, ಮಾತ್ರೆ, ಚಾರ್ಜರ್, ಮಗಳಿಗೆ ಬಿಸ್ಕತ್ತು. ಚಟ್ನಿಪುಡಿ ಚೆಕ್-ಇನ್ ಬ್ಯಾಗಿಗೇ ಹಾಕಿ. ಒಂದು ದಿನ ತಡವಾಗಿ ಬಂದರೂ ಅದು ಕೆಡುವುದಿಲ್ಲ.